ಬಲಗಣ್ಣಿನ ನಾಲ್ಕನೆಯ ನರ

ಆರು ವರ್ಷ ನಾನು ಮಕ್ಕಳನ್ನು ನಗಿಸಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಬೇರೆಯವರ ತಪ್ಪಿಗೆ ಆಮೇಲೆ ಬರೋಣ.

ನಾನು ಡಾಕ್ಟರ್ ಮಾಯಾ. ಧಾರವಾಡ ಜಿಲ್ಲೆಯ ಗಬ್ಬೂರ ಬೈಪಾಸಿಗೆ ಹತ್ತಿಕೊಂಡಿರುವ ಒಂದು ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಕಲಿಸುತ್ತೇನೆ. ಕಾಲೇಜಿನ ಹೆಸರು ನಿಮಗೆ ಬೇಡ. ಮೊದಲ ವರ್ಷದ ಮಕ್ಕಳು ನೂರೈವತ್ತು ಜನ, ಬೆಳಿಗ್ಗೆ ಎಂಟರ ಕ್ಲಾಸಿಗೆ ಅರ್ಧ ನಿದ್ದೆಯಲ್ಲಿ ಬಂದು ಕೂಡುತ್ತಾರೆ. ಅವರಿಗೆ ಮೆದುಳಿನ ನರಗಳನ್ನು ಕಲಿಸುವುದು ಹುಡುಗಾಟದ ಮಾತಲ್ಲ. ಪುಸ್ತಕದ ಚಿತ್ರ ತೋರಿಸಿದರೆ ಆಕಳಿಸುತ್ತಾರೆ. ಅದಕ್ಕೇ ನಾನು ಪ್ರತಿ ವರ್ಷ ಮ್ಯೂಸಿಯಮ್ಮಿನಿಂದ ನಲವತ್ತೊಂದನೆಯ ನಂಬರಿನ ಗಾಜಿನ ಪೆಟ್ಟಿಗೆಯನ್ನು ತರಿಸಿ ಮೇಜಿನ ಮೇಲೆ ಇಡಿಸುತ್ತಿದ್ದೆ.

ಅಂಥ ಸ್ಪೆಸಿಮನ್ ನಾನು ಬೇರೆಲ್ಲೂ ಕಂಡಿಲ್ಲ. ಮುಂದೆ ಎರಡು ಕಣ್ಣುಗುಡ್ಡೆ, ಅವನ್ನು ತಿರುಗಿಸುವ ಸ್ನಾಯುಗಳ ಸಮೇತ. ಅವುಗಳ ಹಿಂದೆ ಬೆಳ್ಳಗಿನ ಎರಡು ದೃಷ್ಟಿನರ. ಎರಡೂ ಮೆದುಳಿನ ಕೆಳಗೆ ಒಂದು ಕಡೆ ಕೂಡುತ್ತವೆ. ಅಲ್ಲಿ ಅರ್ಧ ಎಳೆಗಳು ಆಚೆ ಬದಿಗೆ ದಾಟುತ್ತವೆ, ಅರ್ಧ ತಮ್ಮ ಬದಿಯಲ್ಲೇ ಉಳಿಯುತ್ತವೆ. ಅಲ್ಲಿಂದ ಮೆದುಳಿನ ಒಳಗೆ ಹಾಯ್ದು ತಲೆಯ ಹಿಂಭಾಗ ಮುಟ್ಟುತ್ತವೆ. ನಾವು ನೋಡುವುದು ನಿಜವಾಗಿ ಅಲ್ಲಿ, ಹಿಂದಲೆಯಲ್ಲಿ. ಇಷ್ಟೂ ದಾರಿಯನ್ನು ಒಂದೆಳೆಯೂ ಹರಿಯದಂತೆ ಒಂದೇ ತುಂಡಾಗಿ ಬಿಡಿಸಿಟ್ಟವರು ನನ್ನ ಗುರುಗಳು, ಮಹಾಂತಯ್ಯ ಸರ್. ಹದಿನಾಲ್ಕು ತಿಂಗಳು ಹಿಡಿಯಿತು.

ಅದರ ಹೆಚ್ಚುಗಾರಿಕೆ ಮಾತ್ರ ಬೇರೆಯೇ ಇತ್ತು. ಕಣ್ಣು ತಿರುಗಿಸುವ ನರಗಳು ಮೂರು ಜೋಡಿ. ಮೂರನೆಯ ನರ ಮನೆಯ ಯಜಮಾನ ಇದ್ದ ಹಾಗೆ, ಹೆಚ್ಚಿನ ಕೆಲಸ ಅದರದೇ. ಆರನೆಯದು ಕಣ್ಣನ್ನು ಹೊರಗೆ ಎಳೆಯುತ್ತದೆ, ಅಷ್ಟೇ. ನಾಲ್ಕನೆಯದು ಹೊಲಿಗೆಯ ದಾರದಷ್ಟು ಸಣ್ಣದು. ಉಳಿದವೆಲ್ಲ ಮುಂಬಾಗಿಲಿನಿಂದ ಹೊರಟರೆ ಇದೊಂದು ಹಿತ್ತಲ ಬಾಗಿಲಿನಿಂದ ಹೊರಟು, ಸುತ್ತು ಹಾಕಿ ಕಣ್ಣಿಗೆ ಬರುತ್ತದೆ. ನಲವತ್ತೊಂದನೆಯ ನಂಬರಿನಲ್ಲಿ ಎಡಗಡೆಯ ನಾಲ್ಕನೆಯ ನರ ಇತ್ತು. ಬಲಗಡೆಯದು ಇರಲಿಲ್ಲ. ಹುಟ್ಟಿನಿಂದಲೇ ಇರಲಿಲ್ಲ.

"ಇವರ ಬಲಗಣ್ಣು ಏನ್ ಮಾಡತಿತ್ತು?" ಎಂದು ನಾನು ಕೇಳುತ್ತಿದ್ದೆ.

"ಮ್ಯಾಲೆ ಏರತಿತ್ರಿ ಮೇಡಂ."

"ಎರಡೂ ಕಣ್ಣು ಒಂದಕ್ಕೊಂದು ಹೊಂದಬೇಕಂದ್ರ ತಲಿ ಏನ್ ಮಾಡಬೇಕು?"

"ಎಡಕ್ಕ ವಾಲಸಬೇಕ್ರಿ."

"ವಾಲಸ್ರಿ ಹಂಗಾರ. ಎಲ್ಲಾರೂ. ಹಿಂದಿನ ಬೆಂಚಿನ ದೊರಿಗಳೂ ವಾಲಸ್ರಿ."

ನೂರೈವತ್ತು ತಲೆಗಳು ಎಡಭುಜದ ಕಡೆಗೆ ವಾಲುತ್ತಿದ್ದವು. "ಹಂಗ ಇರ್ರಿ. ಈಗ ಕ್ಯಾಂಟೀನಿಗೆ ಹೋಗ್ರಿ, ಚಹಾ ಕುಡೀರಿ, ಮದವಿ ಆಗ್ರಿ. ತಲಿ ಮಾತ್ರ ಎತ್ತಬ್ಯಾಡ್ರಿ" ಎನ್ನುತ್ತಿದ್ದೆ. ಹಾಲ್ ಹಾರಿಹೋಗುವಂತೆ ನಗುತ್ತಿದ್ದರು. ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ಒಬ್ಬರೂ ತಪ್ಪು ಬರೆಯುತ್ತಿರಲಿಲ್ಲ.

ಆ ಪೆಟ್ಟಿಗೆಯಲ್ಲಿ ಇದ್ದದ್ದು ನನ್ನ ಅವ್ವ. ಅದು ನನಗೆ ಗೊತ್ತಾದದ್ದು ಈಗ ಮೂರು ವಾರದ ಹಿಂದೆ, ಸರ್ ಅವರ ನಿವೃತ್ತಿಯ ಸನ್ಮಾನಕ್ಕೆ ಐದು ದಿನ ಇರುವಾಗ. ಆ ಸಮಾರಂಭದಲ್ಲಿ ಪೆಟ್ಟಿಗೆಗೆ 'ಮಹಾಂತಯ್ಯ ಸ್ಪೆಸಿಮನ್' ಎಂಬ ಹಿತ್ತಾಳೆಯ ಫಲಕ ಹಚ್ಚುವುದಿತ್ತು. ಅವರನ್ನು ಹೊಗಳಿ ಮಾತನಾಡುವವಳು ನಾನೇ.

ಅವ್ವನ ಹೆಸರು ಅಕ್ಕವ್ವ. ಗರಗದ ಖಾದಿ ಕೇಂದ್ರದಲ್ಲಿ ನೂಲುತ್ತಿದ್ದಳು. ಅಪ್ಪ ಬೇಗ ತೀರಿಕೊಂಡ. ಆ ನೂಲಿನ ಮೇಲೇ ನಾನು ಡಾಕ್ಟರಾದೆ, ತಮ್ಮ ಲೋಹಿತ ಸರಕಾರಿ ಶಾಲೆಯ ಮಾಸ್ತರನಾದ. ಅವ್ವನ ತಲೆ ಯಾವಾಗಲೂ ಎಡಕ್ಕೆ ವಾಲಿರುತ್ತಿತ್ತು. ನಮ್ಮ ಓಣಿಯಲ್ಲಿ ಅದನ್ನು 'ಚರಕದ ಕುತ್ತಿಗಿ' ಎನ್ನುತ್ತಿದ್ದರು. ನೂಲುವ ಹೆಂಗಸರಲ್ಲಿ ಒಬ್ಬೊಬ್ಬರಿಗೆ ಒಂದೊಂದು. ಒಬ್ಬಳಿಗೆ ಬೆನ್ನು ಬಾಗಿತ್ತು, ಒಬ್ಬಳಿಗೆ ಹೆಬ್ಬೆರಳು ದಪ್ಪಗಾಗಿತ್ತು, ಅವ್ವನಿಗೆ ಎಳೆ ನೋಡಿ ನೋಡಿ ಕುತ್ತಿಗೆ ವಾಲಿತ್ತು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಎಂ.ಡಿ. ಮಾಡಿದ ನಾನೂ ಕೆಡಿಸಿಕೊಳ್ಳಲಿಲ್ಲ.

ನೋವು ಮಾತ್ರ ವಿಪರೀತ ಇತ್ತು. ಮಲಗುವಾಗ ಬಾಮು ಹಚ್ಚಿಕೊಳ್ಳುವಳು, ಏಳುವಾಗ ಗೋಡೆ ಹಿಡಿದು ಏಳುವಳು. ನಾನು ಎಕ್ಸ್-ರೇ ತೆಗೆಸಿದೆ, ಕುತ್ತಿಗೆಗೆ ಪಟ್ಟಿ ಕೊಡಿಸಿದೆ. "ತಲಿ ನೆಟ್ಟಗ ಮಾಡಿದ್ರ ಎಳಿ ಎರಡ ಕಾಣ್ತಾವ" ಎಂದು ಅವ್ವ ಒಂದು ಸಲ ನನ್ನ ಮುಂದೆಯೇ ಹೇಳಿದ್ದಳು. ವಯಸ್ಸಾಯಿತು ಎಂದು ನಾನು ಧಾರವಾಡಕ್ಕೆ ಕರೆದುಕೊಂಡು ಹೋಗಿ ಚಾಳೀಸು ಮಾಡಿಸಿಕೊಟ್ಟೆ. ಆ ಚಾಳೀಸನ್ನು ಅವ್ವ ದಿಂಬಿನ ಕೆಳಗೆ ಇಟ್ಟುಕೊಂಡಿರುತ್ತಿದ್ದಳು, ನನಗೆ ಬೇಸರವಾಗಬಾರದೆಂದು.

ಮಹಾಂತಯ್ಯ ಸರ್ ನಮ್ಮ ಮನೆಗೆ ಮೊದಲು ಬಂದದ್ದು ನಾನು ಡಿಪಾರ್ಟ್‌ಮೆಂಟಿಗೆ ಸೇರಿದ ವರ್ಷ. ಅವರು ಅಯ್ಯನವರ ಮನೆತನ. ನಾವು ಬೌದ್ಧರು, ಊರಿನ ಕೆಳಗಿನ ಓಣಿಯವರು. ಸರ್ ನಮ್ಮ ಪಡಸಾಲೆಯಲ್ಲಿ ಚಾಪೆಯ ಮೇಲೆ ಕೂತು ರೊಟ್ಟಿ, ಪುಂಡಿಪಲ್ಯ ಉಂಡರು. ಎರಡನೆಯ ಸಲ ಕೇಳಿ ಹಾಕಿಸಿಕೊಂಡರು. ಓಣಿಯವರು ಬಾಗಿಲಲ್ಲಿ ನಿಂತು ನೋಡಿದರು. ಯಾರಿಗೂ ಸುಲಭವಾಗಿ ಮಣಿಯದ ಲೋಹಿತ ಅವತ್ತು ಅವರ ಕೈಗೆ ತಾನೇ ನೀರು ಹಾಕಿದ. ಆಮೇಲೆ ಸರ್ ವರ್ಷಕ್ಕೆ ನಾಲ್ಕೈದು ಸಲ ಬರತೊಡಗಿದರು, ಒಂಬತ್ತು ವರ್ಷ. ಯಾವಾಗ ಬಂದರೂ ಅವ್ವನ ಎದುರಿಗೇ ಕೂಡುವರು. "ಅಕ್ಕಾರ, ಈ ಸೂಜ್ಯಾಗ ದಾರ ಪೋಣಸ್ರಿ ನೋಡೋಣು", "ಅಕ್ಕಾರ, ಪಾವಟಗಿ ಇಳಿಯೂಮುಂದ ತ್ರಾಸ ಆಗತೈತೇನು?" ಎಂದು ಮಾತಿಗೆಳೆಯುವರು. ನನ್ನ ಅವ್ವನನ್ನು ಇಷ್ಟು ಕಣ್ಣಿಟ್ಟು ನೋಡಿದ ದೊಡ್ಡ ಮನುಷ್ಯರು ಯಾರೂ ಇರಲಿಲ್ಲ. ಆ ಸಂತೋಷದಲ್ಲಿ ನನಗೆ ಬೇರೇನೂ ಹೊಳೆಯಲಿಲ್ಲ.

ಒಂದು ದೀಪಾವಳಿಗೆ ಕ್ಯಾಮೆರಾ ತಂದಿದ್ದರು. ಅವ್ವ ಇಳಕಲ್ ಸೀರೆ ಉಟ್ಟು ಕೂತಳು. ನಾನು ಒಳಗೆ ಚಹಾ ಮಾಡುತ್ತಿದ್ದೆ. "ಮ್ಯಾಲೆ ನೋಡ್ರಿ ಅಕ್ಕಾರ, ಈಗ ಎಡಕ್ಕ, ಈಗ ಕೆಳಗ" ಎನ್ನುವುದು ಕೇಳುತ್ತಿತ್ತು. ಸರ್ ಹೋದ ಮೇಲೆ ಅವ್ವ ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದಳು. "ನಮ್ಮ ಮಾಯಾನ ಸಾಹೇಬ್ರು ನಂದು ಒಂಬತ್ತು ಫೋಟೊ ತಗದ್ರು. ನನ್ನ ಮದವಿ ಒಳಗೂ ಒಂದ ತಗದಿದ್ರು."

ದೇಹದಾನದ ಮಾತನ್ನು ಎತ್ತಿದವರೂ ಅವರೇ. ಸತ್ತ ಮೇಲೆ ನಾಲ್ಕು ಮಕ್ಕಳು ಕಲಿಯಲಿ ಎಂದರು. ಲೋಹಿತ ಒಲ್ಲೆ ಎಂದ. ಅಪ್ಪನ ಪಕ್ಕದಲ್ಲೇ ಮಣ್ಣು ಮಾಡೋಣ ಎಂದು ಹಟ ಹಿಡಿದ. ನಾನು ಅವನ ಜೊತೆ ಜಗಳಾಡಿದೆ, ಮಾಸ್ತರನಾಗಿ ಹೀಗೆ ಮಾತಾಡುತ್ತೀಯಾ ಎಂದು ಬೈದೆ. ಕೊನೆಗೆ ಅವ್ವ ಒಪ್ಪಿದಳು, ಆದರೆ ಎರಡು ಮಾತು ತೆಗೆದುಕೊಂಡಳು.

"ನನ್ನ ಕಣ್ಣು ಯಾರಿಗರ ಕೊಡ್ರಿ. ಮತ್ತ ನನ್ನ ಮಗಳು ಕೆಲಸಾ ಮಾಡೂ ಜಾಗಾದಾಗ ನನ್ನ ಇಡಬ್ಯಾಡ್ರಿ. ಆಕಿ ಮೆತ್ತಗಿನಾಕಿ ಅದಾಳ, ಅಳತಾಳು."

"ಆತ್ರಿ ಅಕ್ಕಾರ. ನಾ ಇದ್ದೇನಲ್ರಿ" ಎಂದರು ಸರ್.

ಎರಡನೆಯ ಮಾತಿಗೆ ಅವ್ವ ಕೇಳುವ ಅಗತ್ಯವೂ ಇರಲಿಲ್ಲ. ಅದು ನಮ್ಮ ಡಿಪಾರ್ಟ್‌ಮೆಂಟಿನ ಪದ್ಧತಿ. ನಮ್ಮಲ್ಲಿ ಕೆಲಸ ಮಾಡುವವರ ಮನೆಯವರ ದೇಹವನ್ನು ನಾವು ಇಟ್ಟುಕೊಳ್ಳುವುದಿಲ್ಲ, ಬೇರೆ ಊರಿನ ಕಾಲೇಜಿಗೆ ಕಳಿಸಿ ಅಲ್ಲಿಯದನ್ನು ತರಿಸಿಕೊಳ್ಳುತ್ತೇವೆ. ಯಾರೂ ತಮ್ಮವರನ್ನು ಟೇಬಲ್ಲಿನ ಮೇಲೆ ನೋಡಬಾರದು ಎಂದು.

ಏಳು ವರ್ಷದ ಹಿಂದೆ ಅವ್ವ ತೀರಿಕೊಂಡಾಗ ಅವಳಿಗೆ ಅರವತ್ತೆರಡು. ಸರ್ ತಾವೇ ಬಂದರು. ಕಣ್ಣಿನ ಬ್ಯಾಂಕಿನವರಿಗೆ ಫೋನ್ ಮಾಡಲೇ ಎಂದು ಲೋಹಿತ ಕೇಳಿದ. "ಬ್ಯಾಡಪಾ. ಆ ಕಾಲೇಜಿನವರು ಕಣ್ಣು ತಗದ ದೇಹಾ ಒಲ್ಲೆ ಅಂತಾರ" ಎಂದರು. ಕಣ್ಣು ಕೊಟ್ಟ ದೇಹಗಳನ್ನು ನಾವೇ ಪ್ರತಿ ವರ್ಷ ತೆಗೆದುಕೊಳ್ಳುತ್ತಿದ್ದೆವು. ನನಗೆ ಒಂದು ಗಳಿಗೆ ವಿಚಿತ್ರ ಅನ್ನಿಸಿತು. ಆದರೆ ಅವ್ವ ಸತ್ತ ದಿನ, ಅಂಥ ಗುರುಗಳ ಮಾತು, ಯಾರು ಅಡ್ಡ ಮಾತಾಡುತ್ತಾರೆ? ಒಂದು ದಿನ ದೇಹ ನಮ್ಮ ಶೈತ್ಯಾಗಾರದಲ್ಲಿತ್ತು. ಮರುದಿನ ಮಧ್ಯಾಹ್ನ ವ್ಯಾನ್ ಬಂದಾಗ ಅಡಿಯಿಂದ ಮುಡಿಯವರೆಗೆ ಬಿಳಿ ಬಟ್ಟೆ ಸುತ್ತಿತ್ತು. ಮುಖ ತೆರೆಯಬೇಡಿ, ಇದ್ದಾಗಿನ ಹಾಗೇ ನೆನಪಿಟ್ಟುಕೊಳ್ಳಿ ಎಂದರು ಸರ್. ನಾವು ಹೂ ಇಟ್ಟೆವು, ತ್ರಿಸರಣ ಹೇಳಿದೆವು. ಲೋಹಿತ ಕಾಲು ಮುಟ್ಟಿ ನಮಸ್ಕಾರ ಮಾಡಿದ. ವ್ಯಾನ್ ಗೇಟು ದಾಟುವವರೆಗೆ ನಾನು ನಿಂತಿದ್ದೆ.

ಈಗ ಮೂರು ವಾರದ ಹಿಂದಿನ ಮಾತಿಗೆ ಬರುತ್ತೇನೆ. ಸನ್ಮಾನದ ದಿನ ಸರ್ ಅವರ ಹಳೆಯ ಫೋಟೊಗಳನ್ನು ತೋರಿಸಬೇಕೆಂದು ನಮ್ಮ ಪಿ.ಜಿ. ವಿದ್ಯಾರ್ಥಿನಿ ಸಂಪದಾ ಎಂಬವಳು ಸರ್ ಕೈಯಿಂದಲೇ ಒಂದು ಪೆನ್‌ಡ್ರೈವ್ ಇಸಿದುಕೊಂಡು ಬಂದಿದ್ದಳು. ಸೆಮಿನಾರ್ ಕೋಣೆಯ ದೊಡ್ಡ ಪರದೆಯ ಮೇಲೆ ಇಬ್ಬರೂ ಆರಿಸುತ್ತ ಕೂತೆವು. ಅದರಲ್ಲಿ 'ಗರಗ' ಎಂಬ ಫೋಲ್ಡರ್ ಇತ್ತು. ನಮ್ಮೂರು ಎಂದು ನಾನೇ ಖುಷಿಯಿಂದ ತೆರೆಯಲು ಹೇಳಿದೆ.

ಒಂಬತ್ತು ಫೋಟೊ. ಮೂರರಂತೆ ಮೂರು ಸಾಲು, ಕಣ್ಣಿನ ಪುಸ್ತಕದಲ್ಲಿ ಇರುವ ಹಾಗೇ. ಇಳಕಲ್ ಸೀರೆಯ ಸೆರಗು ಅಂಚಿನಲ್ಲಿ ಕಾಣುತ್ತಿತ್ತು, ಉಳಿದದ್ದೆಲ್ಲ ಮುಖವೇ. ಮೇಲೆ ನೋಡುವ ಅವ್ವ, ಎಡಕ್ಕೆ ನೋಡುವ ಅವ್ವ, ಬಲಕ್ಕೆ ನೋಡುವ ಅವ್ವ. ಕೆಳಗಿನ ಸಾಲಿನ ಮೂರರಲ್ಲಿ ಒಂದು ಗಂಡಸಿನ ಹೆಬ್ಬೆರಳು ಅವಳ ಕಣ್ಣರೆಪ್ಪೆಯನ್ನು ಎತ್ತಿ ಹಿಡಿದಿತ್ತು. ಪಕ್ಕದ ಬೆರಳಲ್ಲಿ ಹವಳದ ಉಂಗುರ. ಆ ಉಂಗುರ ನಾನು ಹದಿನಾರು ವರ್ಷದಿಂದ ನೋಡಿದ್ದು.

"ಪೇಷಂಟ್ ಯಾರ್ರೀ ಮೇಡಂ?" ಎಂದಳು ಸಂಪದಾ. "ಬಲಗಣ್ಣು ನೋಡ್ರಿ, ಮೂಗಿನ ಕಡೆ ತಿರಗಿದಾಗ ಮ್ಯಾಲೆ ಏರೇತಿ. ನಾಕನೇ ನರದ್ದ ಕೇಸು. ನಮ್ಮ ನಲವತ್ತೊಂದನೇ ನಂಬರಿನ ಗತೆ."

"ಪೇಷಂಟ್ ಅಲ್ಲ. ನಮ್ಮವ್ವ" ಎಂದೆ. "ಅದು ಚರಕದ ಕುತ್ತಿಗಿ."

ನಾನು ಪೆನ್‌ಡ್ರೈವ್ ಕಿತ್ತುಕೊಂಡು ಮನೆಗೆ ಹೋದೆ. ಮನೆಯ ಗೋಡೆಯ ಮೇಲೆ ಅವ್ವನ ಶಾಲೆಯ ನಾಲ್ಕನೆಯ ಇಯತ್ತೆಯ ಫೋಟೊ ಇದೆ. ಹನ್ನೆರಡು ಹುಡುಗಿಯರು ಸಾಲಾಗಿ ನಿಂತಿದ್ದಾರೆ. ಹನ್ನೊಂದು ತಲೆ ನೆಟ್ಟಗಿವೆ. ತುದಿಯವಳದು ಎಡಕ್ಕೆ ವಾಲಿದೆ. ಆಗ ಅವ್ವನಿಗೆ ಹತ್ತು ವರ್ಷ, ಚರಕ ಮುಟ್ಟಿಯೇ ಇರಲಿಲ್ಲ. ಆ ಫೋಟೊದ ಧೂಳನ್ನು ನಾನು ವಾರಕ್ಕೊಮ್ಮೆ ಒರೆಸುತ್ತೇನೆ. ಆವತ್ತು ಅದರ ಮುಂದೆ ನಿಂತು ನನ್ನ ಕೆನ್ನೆಗೆ ನಾನೇ ಹೊಡೆದುಕೊಂಡೆ.

ಮರುದಿನ ಬೆಳಿಗ್ಗೆ ಮ್ಯೂಸಿಯಮ್ಮಿನ ರಿಜಿಸ್ಟರ್ ತೆಗೆದೆ. ನಂಬರು ನಲವತ್ತೊಂದು, ದಾನಿ, ಹೆಂಗಸು, ವಯಸ್ಸು ಅರವತ್ತೆರಡು. ಬಂದ ತಾರೀಖು ಅವ್ವ ಸತ್ತ ಮರುದಿನದ್ದು. ಅಕ್ಷರ ಸರ್ ಅವರದ್ದೇ.

ಫಕ್ರುಸಾಬ ನಮ್ಮ ಡಿಪಾರ್ಟ್‌ಮೆಂಟಿನ ಅಟೆಂಡರ್, ಮೂವತ್ತು ವರ್ಷದ ಹಳಬ. ದೇಹಗಳನ್ನು ಎತ್ತುವುದು, ಇಳಿಸುವುದು, ಹೊಲಿಯುವುದು ಎಲ್ಲ ಅವನ ಕೈಯಲ್ಲೇ. ಪ್ರತಿ ವರ್ಷ ನನ್ನ ಕ್ಲಾಸಿಗೆ ಪೆಟ್ಟಿಗೆ ತಂದಿಟ್ಟ ಕೂಡಲೇ ಹೊರಗೆ ಹೋಗಿಬಿಡುತ್ತಿದ್ದ. ಚಹಾಕ್ಕೆ ಇಷ್ಟು ಅವಸರ ಏನಪ್ಪ ಎಂದು ಮಕ್ಕಳ ಮುಂದೆಯೇ ಎಷ್ಟೋ ಸಲ ಬೈದಿದ್ದೆ. ರಿಜಿಸ್ಟರಿನ ಪುಟವನ್ನು ಅವನ ಮುಂದೆ ಹಿಡಿದೆ.

ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ನಾ ಬ್ಯಾಡ ಅಂದೇರಿ ಮೇಡಂ. ಆಕಿ ಮಗಳು ಇಲ್ಲೇ ಇರ್ತಾರ್ರಿ ಸಾಹೇಬ್ರ, ಅಂದೆ. ನೀ ಎತ್ತೂ ಕೆಲಸಾ ಮಾಡು ಅಂದ್ರು."

"ನನಗ ಯಾಕ ಹೇಳಲಿಲ್ಲ?"

"ಹೆಂಗ ಹೇಳಲಿರಿ? ಅಕ್ಕ ನನಗೂ ರೊಟ್ಟಿ ಕಟ್ಟಿ ಕಳಸತಿದ್ರು. ನೀವು ಮಕ್ಕಳನ್ನ ನಗಸೂಮುಂದ ನನಗ ನಿಂದ್ರಾಕ ಆಗತಿದ್ದಿಲ್ಲ."

ಅವನ ಮೇಲೆ ಸಿಟ್ಟು ಮಾಡಲು ನನ್ನಲ್ಲಿ ಜಾಗ ಉಳಿದಿರಲಿಲ್ಲ. ಅಲ್ಲಿಂದಲೇ ಕಾರು ಹತ್ತಿ ಧಾರವಾಡಕ್ಕೆ ಹೋದೆ.

ಸರ್ ಮನೆಯ ಮುಂದಿನ ಪಡಸಾಲೆಯಲ್ಲಿ ಪೇಪರ್ ಓದುತ್ತ ಕೂತಿದ್ದರು. ಅವರ ಹೆಂಡತಿ ದಾಕ್ಷಾಯಿಣಿಯವರು, "ಬಾ ತಂಗಿ, ಭಾಷಣಾ ಬರದೇನು?" ಎಂದು ಚಹಾ ತರಲು ಒಳಗೆ ಹೋದರು. ನಾನು ಪೆನ್‌ಡ್ರೈವನ್ನು ಪೇಪರಿನ ಮೇಲೆ ಇಟ್ಟೆ.

"ಸರ್, ನಲವತ್ತೊಂದನೇ ನಂಬರು ಯಾರ್ರಿ?"

ಅವರು ಕನ್ನಡಕ ತೆಗೆದರು. ಸುಳ್ಳು ಹೇಳುತ್ತಾರೆ ಎಂದುಕೊಂಡಿದ್ದೆ. ಹೇಳಿದ್ದರೆ ಚೆನ್ನಾಗಿತ್ತು.

"ನಿನಗ ಎಂದೋ ತಿಳಿತೈತಿ ಅನಕೊಂಡಿದ್ದೆ" ಎಂದರು. "ಆರು ವರ್ಷ ಕೈಯಾಗ ಹಿಡದು ಕಲಿಸಿದಿ. ತಲಿ ಎಡಕ್ಕ ವಾಲತೈತಿ ಅಂತ ನೀನ ಹೇಳಿದಿ. ಮನ್ಯಾಗ ಅಷ್ಟು ವರ್ಷ ನೋಡಿದಾಕಿ, ಒಮ್ಮೆರ ಹೊಳೀಲಿಲ್ಲೇನು?"

ಆ ಮಾತು ಚುಚ್ಚಿತು. ಅದು ನಿಜ, ಅದಕ್ಕೇ ಚುಚ್ಚಿತು.

"ನಿಮಗ ಯಾವಾಗ ಹೊಳೀತ್ರಿ?"

"ಮೊದಲನೇ ದಿನ. ಅಕ್ಕಾರು ಕುಡ್ಯಾಕ ನೀರು ತಂದುಕೊಟ್ರಲ್ಲ, ಅವಾಗ."

ಹಾಗಾದರೆ ರೊಟ್ಟಿಗೂ ಮೊದಲು. ಚಾಪೆಯ ಮೇಲೆ ಕೂಡುವುದಕ್ಕೂ ಮೊದಲು. ನಮ್ಮ ಓಣಿ ಬಾಗಿಲಲ್ಲಿ ನಿಂತು ನೋಡಿದ ಊಟ, ಲೋಹಿತ ಹಾಕಿದ ನೀರು, ಒಂಬತ್ತು ವರ್ಷದ ಬಂದುಹೋಗುವಿಕೆ, ಇಷ್ಟಕ್ಕೂ ಕಾರಣ ಅವ್ವನ ಕುತ್ತಿಗೆ. ನಾನು ಅದನ್ನು ಮರ್ಯಾದೆ ಎಂದು ತಿಳಿದಿದ್ದೆ.

"ಅವ್ವಗ ಮಾತು ಕೊಟ್ಟಿದ್ರಿ. ನಾ ಇರೂ ಜಾಗಾದಾಗ ಇಡೂದಿಲ್ಲ ಅಂತ."

"ದೇಹಾ ಹೋತಲ್ಲ. ಇಷ್ಟ ಇಟಗೊಂಡೆ. ನೀ ಸಹಿ ಮಾಡಿದ ಫಾರಮ್‌ನಾಗ ವಿಜ್ಞಾನಕ್ಕ ಕೊಟ್ಟೇವಿ ಅಂತ ಐತಿ ಮಾಯಾ. ಊರ ಹೆಸರು ಇಲ್ಲ."

"ಕಣ್ಣು ಯಾರಿಗರ ಕೊಡ್ರಿ ಅಂದಿದ್ಲು."

"ಕಣ್ಣು ಕೊಟ್ಟಿದ್ರ ಸ್ನಾಯು ಹಾಳಾಗತಿದ್ವು. ಆ ಸ್ನಾಯು ಸಣ್ಣ ಆಗಿದ್ದ ಸುದ್ದಾ ಕಾಣಸತೈತಿ ಅದರಾಗ, ನೀನ ನೋಡಿದಿ. ಅಂಥಾದ್ದು ಮತ್ತೊಂದು ಎಲ್ಲಿ ಸಿಗತೈತಿ?" ಅವರ ದನಿಯಲ್ಲಿ ಒಂದು ಬಗೆಯ ಉಮೇದಿಯೇ ಇತ್ತು. "ನನ್ನ ದೇಹಾನೂ ಬರದು ಕೊಟ್ಟೇನಿ. ಆದ್ರ ನನ್ನೊಳಗ ಏನೈತಿ? ಎಲ್ಲಾ ನಾರ್ಮಲ್."

ದಾಕ್ಷಾಯಿಣಿಯವರು ಚಹಾ ಇಟ್ಟು ಹೋದರು. ನಾನು ಕಪ್ಪನ್ನು ಮುಟ್ಟಲಿಲ್ಲ. ನನ್ನ ಬಾಯಲ್ಲಿ ಇನ್ನೊಂದೇ ಪ್ರಶ್ನೆ ಇತ್ತು. ರಿಜಿಸ್ಟರ್ ನೋಡಿದಾಗಿನಿಂದ ಅದನ್ನು ಕೇಳಲು ಹೆದರಿದ್ದೆ.

"ಅವ್ವನ ಕುತ್ತಿಗಿ ನೋವು ಹೋಗವಲ್ದು ಅಂತ ನಿಮ್ಮ ಮುಂದ ಎಷ್ಟು ಸಲ ಹೇಳಿದೆ. ವಯಸ್ಸು ಅಂದ್ರಿ, ಪಟ್ಟಿ ಹಾಕು ಅಂದ್ರಿ. ಕಣ್ಣಿನ ಒಂದು ಸ್ನಾಯು ಸಡ್ಲ ಮಾಡಿದ್ರ ಮುಗೀತಿತ್ತು. ಮುಕ್ಕಾಲು ತಾಸಿನ ಆಪರೇಷನ್. ತಲಿ ನೆಟ್ಟಗ ಆಗತಿತ್ತು. ಯಾಕ ಹೇಳಲಿಲ್ರಿ?"

"ಹೇಳಿದ್ರ ಏನ್ ಮಾಡತಿದ್ದಿ?"

"ಮಾಡಸತಿದ್ದೆ. ಮರದಿನಾನ ಮಾಡಸತಿದ್ದೆ."

"ಅದಕ್ಕ ಹೇಳಲಿಲ್ಲ" ಎಂದರು.

ಅದನ್ನು ಅವರು ಮೆತ್ತಗೆ, ಕ್ಲಾಸಿನಲ್ಲಿ ಉತ್ತರ ಹೇಳಿಕೊಡುವ ದನಿಯಲ್ಲೇ ಹೇಳಿದರು. ಅವರಿಗೆ ನಾಚಿಕೆ ಆಗಲಿಲ್ಲ. ನಾನು ಸಮಾಧಾನ ಮಾಡಿಕೊಂಡ ಮೇಲೆ ಒಪ್ಪುತ್ತೇನೆ ಎಂದೇ ಅವರು ನಂಬಿದ್ದರು. ಎದ್ದು ಹೊರಟಾಗ, "ಶನಿವಾರ ಲಗೂ ಬಾ. ಭಾಷಣಾ ನಿಂದ ಐತಿ" ಎಂದರು.

ಕಾರಿನಲ್ಲಿ ಕೂತು ಲೋಹಿತನಿಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ, ಅವನ ಜೊತೆ ಜಗಳಾಡಿದವಳು ನಾನೇ ಎಂಬುದನ್ನೂ ಬಿಡದೆ. ಬೈಯಲಿ ಎಂದು ಕಾದೆ, ಬೈಯಲಿಲ್ಲ.

"ಕಾರ್ಯಕ್ರಮ ಎಷ್ಟಕ್ಕೈತಕ್ಕಾ?" ಎಂದು ಕೇಳಿದ.

"ಹನ್ನೊಂದಕ್ಕ."

"ಬರತೇನಿ."

ಶನಿವಾರ ಹಾಲ್ ತುಂಬಿತ್ತು. ಹಳೆಯ ವಿದ್ಯಾರ್ಥಿಗಳು, ಅವರ ಹೆಂಡಿರು ಮಕ್ಕಳು, ಈ ವರ್ಷದ ನೂರೈವತ್ತು ಹುಡುಗರು. ವೇದಿಕೆಯ ಮೇಲೆ ಪ್ರಿನ್ಸಿಪಾಲರು, ಅವರ ಪಕ್ಕದಲ್ಲಿ ಶಾಲು ಹೊದ್ದ ಸರ್. ಮೇಜಿನ ಮೇಲೆ ಹೂವಿನ ಹಾರ ಸುತ್ತಿದ ನಲವತ್ತೊಂದನೆಯ ನಂಬರು, ಅದರ ಮುಂದೆ ಕೆಂಪು ಬಟ್ಟೆ ಮುಚ್ಚಿದ ಹಿತ್ತಾಳೆಯ ಫಲಕ. ಲೋಹಿತ ಹಿಂದಿನ ಬಾಗಿಲ ಹತ್ತಿರ ನಿಂತಿದ್ದ. ನಾನು ಬರೆದಿಟ್ಟ ಭಾಷಣ ಪರ್ಸಿನಲ್ಲಿತ್ತು, ಅದನ್ನು ತೆಗೆಯಲಿಲ್ಲ.

"ಭಾಷಣಾ ಬ್ಯಾಡ್ರಿ" ಎಂದೆ. "ಸರ್ ನನ್ನ ಟೀಚರ್ ಮಾಡ್ಯಾರ. ಒಂದು ಪಾಠನ ಮಾಡತೇನಿ."

ಚಪ್ಪಾಳೆ ತಟ್ಟಿದರು. ಸರ್ ನಕ್ಕರು. ನಾನು ಎಂದಿನಂತೆಯೇ ಶುರು ಮಾಡಿದೆ. ಬೆಳಕು ಕಣ್ಣಿಗೆ ಬೀಳುವುದು, ನರಗಳು ಕೂಡುವುದು, ಅರ್ಧ ದಾಟುವುದು, ತಲೆಯ ಹಿಂಭಾಗದಲ್ಲಿ ಕಾಣುವುದು. ಮೂರನೆಯ ನರ, ಆರನೆಯ ನರ, ಹಿತ್ತಲ ಬಾಗಿಲಿನಿಂದ ಹೊರಡುವ ನಾಲ್ಕನೆಯ ನರ. ಬಲಗಡೆಯದು ಇಲ್ಲ ಎಂದು ತೋರಿಸಿದೆ.

"ಈಗ ಎಲ್ಲಾರೂ ತಲಿ ಎಡಕ್ಕ ವಾಲಸ್ರಿ. ಪ್ರಿನ್ಸಿಪಾಲ್ ಸಾಹೇಬ್ರೂ ವಾಲಸ್ರಿ."

ಹಾಲ್ ನಗುತ್ತ ವಾಲಿತು. ಡಾಕ್ಟರುಗಳು, ಅವರ ಮಕ್ಕಳು, ಮುಂದಿನ ಸಾಲಿನಲ್ಲಿ ರೇಷ್ಮೆ ಸೀರೆಯ ದಾಕ್ಷಾಯಿಣಿಯವರು, ಎಲ್ಲರೂ. ಸರ್ ಒಬ್ಬರು ನೆಟ್ಟಗೆ ಕೂತಿದ್ದರು. ಅವರ ನಗು ಹೋಗಿತ್ತು.

"ಹಂಗ ಇರ್ರಿ" ಎಂದೆ. "ಪೂರ್ತಿ ಕೇಳೂತನಕಾ ಹಂಗ ಇರ್ರಿ. ಇದು ನಮ್ಮವ್ವ. ಹೆಸರು ಅಕ್ಕವ್ವ, ಗರಗದಾಗ ನೂಲತಿದ್ಲು. ಅರವತ್ತೆರಡು ವರ್ಷ ಹಿಂಗ ಇದ್ಲು. ನಾ ಡಾಕ್ಟರಾದ್ರೂ ನನಗ ತಿಳೀಲಿಲ್ಲ, ಅದು ನನ್ನ ತಪ್ಪು. ಸರ್‌ಗೆ ಮೊದಲನೇ ದಿನಾನ ತಿಳೀತು. ನಮ್ಮ ಮನ್ಯಾಗ ಒಂಬತ್ತು ವರ್ಷ ಉಂಡ್ರು. ಆಕಿ ನೋವು ತಿಂದದ್ದು ನೋಡಿದ್ರು. ಹೇಳಲಿಲ್ಲ. ಹೇಳಿದ್ರ ಈ ಪೆಟಗಿ ಆಗತಿದ್ದಿಲ್ಲ."

ನಗು ಎಲ್ಲಿ ನಿಂತಿತೋ ತಿಳಿಯಲಿಲ್ಲ. ಯಾರೂ ತಲೆ ಎತ್ತಲಿಲ್ಲ. ಎತ್ತಬೇಕೋ ಬೇಡವೋ ಅವರಿಗೆ ಗೊತ್ತಾಗಲಿಲ್ಲ ಎಂದು ಕಾಣುತ್ತದೆ. ದಾಕ್ಷಾಯಿಣಿಯವರು ವಾಲಿದ ಕುತ್ತಿಗೆಯಲ್ಲೇ ಗಂಡನನ್ನು ನೋಡುತ್ತಿದ್ದರು.

"ಈಗ ನೆಟ್ಟಗ ಮಾಡ್ಕೋರ್ರಿ. ನಿಮಗ ಬರತೈತಿ. ಆಕಿಗೂ ಬರತಿತ್ತು."

ಮೈಕ್ ಇಟ್ಟು ಪೆಟ್ಟಿಗೆಯ ಹತ್ತಿರ ಬಂದೆ. ಹಾರ ತೆಗೆದು ಮೇಜಿನ ಮೇಲೆ ಹಾಕಿದೆ. ಫಲಕದ ಕೆಂಪು ಬಟ್ಟೆಯನ್ನು ಯಾರೂ ಸರಿಸಲಿಲ್ಲ. ಸರ್ ನನ್ನನ್ನು ನೋಡಲಿಲ್ಲ. ಪೆಟ್ಟಿಗೆಯ ಬಲಗಡೆಯನ್ನೇ ನೋಡುತ್ತಿದ್ದರು, ಆ ನರ ಇಲ್ಲದ ಜಾಗವನ್ನು. ಆಗಲೂ ಅದನ್ನೇ ನೋಡಿದರು.

ಫಕ್ರುಸಾಬ ಬದಿಯ ಪರದೆಯ ಹಿಂದಿನಿಂದ ಬಂದು ಪೆಟ್ಟಿಗೆಗೆ ಎರಡೂ ಕೈ ಹಾಕಿದ.

"ಅಕ್ಕನ್ನ ಎಲ್ಲಿ ಒಯ್ಯಲಿರಿ ಮೇಡಂ?"

ಹಿಂದಿನ ಬಾಗಿಲಿನಿಂದ ಲೋಹಿತ ನಡುವಿನ ದಾರಿಯಲ್ಲಿ ನಡೆದು ಬಂದು ವೇದಿಕೆಯ ಕೆಳಗೆ ನಿಂತ.

"ಗರಗಕ್ಕ" ಎಂದ. "ಗಾಡಿ ತಂದೇನಿ."

ಪ್ರಿನ್ಸಿಪಾಲರು ಎದ್ದು, "ಮೇಡಂ, ಅದು ಕಾಲೇಜಿನ ಆಸ್ತಿ. ಹಿಂಗ ಒಯ್ಯಾಕ ಬರೂದಿಲ್ಲ" ಎಂದರು.

"ನೋಟೀಸ್ ಕಳಸ್ರಿ" ಎಂದೆ. "ನಮ್ಮ ಮನಿ ವಿಳಾಸ ಸರ್‌ಗೆ ಗೊತ್ತೈತಿ, ಅವರನ್ನ ಕೇಳ್ರಿ."

ಫಕ್ರುಸಾಬ ಪೆಟ್ಟಿಗೆಯನ್ನು ಎತ್ತಿದ. ಈ ವರ್ಷದ ಮಕ್ಕಳು ಎದ್ದು ದಾರಿ ಬಿಟ್ಟರು. ಗಾಡಿಯ ಹಿಂದಿನ ಸೀಟಿನಲ್ಲಿ ನಾನು ಮೊದಲು ಕೂತೆ, ಅವನು ಪೆಟ್ಟಿಗೆಯನ್ನು ನನ್ನ ತೊಡೆಯ ಮೇಲೆ ಇಟ್ಟ. ಗಬ್ಬೂರ ದಾಟಿ ಲೋಹಿತ ಧಾರವಾಡದ ಹಾದಿ ಹಿಡಿದ. ರಸ್ತೆ ಕೆಟ್ಟಿತ್ತು. ಗರಗ ಮುಟ್ಟುವವರೆಗೂ ಪೆಟ್ಟಿಗೆ ವಾಲದ ಹಾಗೆ ಎರಡೂ ಕೈಯಿಂದ ನೆಟ್ಟಗೆ ಹಿಡಿದುಕೊಂಡು ಕೂತಿದ್ದೆ.